ಹರಿಯುವ ನೀರಿಗೆ ದೋಷವಿಲ್ಲವೇ? ಹಳ್ಳದ ನೀರು ಮತ್ತು ಕಪ್ಪಾಗುವ ಬಾಟಲಿಯ ಕತೆ

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಒಬ್ಬರ ಊರಿಗೆ ಹೋಗಿದ್ದೆವು. ಮಲೆನಾಡಿನ ಅಂಚಿನ ಸಣ್ಣ ಊರು. ಅಲ್ಲಿ ಹೆಚ್ಚಿನ ಮನೆಗಳಿಗೆ ನೀರು ಬರುವುದು ಗುಡ್ಡದ ಹಳ್ಳದಿಂದ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದ ಅಬ್ಬಿ ನೀರು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ನೋಡಲು ತಿಳಿ, ಬಾಯಿಗೆ ಸಿಹಿ.

ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಒಂದಿತ್ತು. ಅದರಲ್ಲಿದ್ದ ಪುಟ್ಟ ಬಾಟಲಿಗೆ ಹಳ್ಳದ ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿರಲಿ ಎಂದು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟೆವು. ಮಾರನೆಯ ದಿನ ಸಂಜೆ ತೆಗೆದು ನೋಡಿದರೆ ನೀರು ಶಾಯಿಯಂತೆ ಕಪ್ಪಾಗಿತ್ತು. ಮಲದಿಂದ ಬರುವ ಬ್ಯಾಕ್ಟೀರಿಯಾ ನೀರಿನಲ್ಲಿ ಇರಬಹುದು ಎಂದು ಅದರ ಅರ್ಥ.

ಮನೆಯ ಅಜ್ಜಿ ನಂಬಲಿಲ್ಲ. "ಹರಿಯೋ ನೀರಿಗೆ ಎಂಥ ದೋಷ ಮಕ್ಳೇ? ಎಂಬತ್ತು ವರ್ಷದಿಂದ ಇದನ್ನೇ ಕುಡಿದಿದ್ದು ನಾನು. ನಿಮ್ಮ ಬಾಟ್ಲಿಲೇ ಏನೋ ಇರ್ಬೇಕು."

ನಾವು ಸುಮ್ಮನೆ ಕೇಳಿದೆವು: "ಅಜ್ಜಿ, ನೀವು ಒಡಹುಟ್ಟಿದವರು ಎಷ್ಟು ಜನ?"

"ಎಂಟು. ಉಳಿದದ್ದು ನಾಲ್ಕು. ಬಾಕಿಯವರು ಸಣ್ಣಲ್ಲೇ ಹೋದ್ರು. ಭೇದಿ, ಜ್ವರ... ಆಗ ಅದೆಲ್ಲ ಇದ್ದದ್ದೇ."

ಎಂಬತ್ತು ವರ್ಷ ಅದೇ ನೀರು ಕುಡಿದು ಬದುಕಿದವರ ಮಾತು ನಮಗೆ ಕೇಳಿಸುತ್ತದೆ. ಕುಡಿದು ಹೋದವರ ಮಾತು ಕೇಳಿಸುವುದಿಲ್ಲ. ಆ ನಾಲ್ಕು ಮಕ್ಕಳು ನೀರಿನಿಂದಲೇ ಹೋದರೆಂದು ಇವತ್ತು ಯಾರೂ ಹೇಳಲಾರರು. ಆದರೆ ಆ ಪ್ರಶ್ನೆ ಕೇಳಲು ಆಗ ಊರಿನಲ್ಲಿ ಬಾಟಲಿಯೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ತಿಳಿನೀರು ಕೂಡ ಕೊಲ್ಲಬಹುದು ಎಂದು ಮನುಷ್ಯರಿಗೆ ಗೊತ್ತಾದದ್ದು ಹೇಗೆ, ಆ ತಿಳಿವಳಿಕೆ ನಮ್ಮ ಹಳ್ಳದ ದಂಡೆಗೆ ಬರಲು ಇಷ್ಟು ಕಾಲ ಯಾಕೆ ಬೇಕಾಯಿತು ಎಂದು ನಾವು ಓದುತ್ತ ಹೋದೆವು. ಅದರ ಕತೆ ಇಲ್ಲಿದೆ.

ಕೆರೆಯಲ್ಲಿ ಸಿಕ್ಕ ಅಪರಾಧಿ

ಊರಿಗೆ ವಾಂತಿಭೇದಿ ಬಂದರೆ ಮಾರಿ ಬಂದಳು ಎನ್ನುತ್ತಿದ್ದ ಕಾಲವದು. ಯುರೋಪಿನ ದೊಡ್ಡ ದೊಡ್ಡ ವೈದ್ಯರೂ ಇದಕ್ಕಿಂತ ಹೆಚ್ಚು ಬಲ್ಲವರಾಗಿರಲಿಲ್ಲ. ಕೊಳೆತ ವಾಸನೆಯ ಕೆಟ್ಟ ಗಾಳಿಯಿಂದ ಕಾಲರಾ ಬರುತ್ತದೆ ಎಂದು ಅವರು ನಂಬಿದ್ದರು.

ಲಂಡನ್ನಿನ ವೈದ್ಯ ಜಾನ್ ಸ್ನೋ ಮಾತ್ರ, ರೋಗ ಬರುವುದು ಗಾಳಿಯಿಂದಲ್ಲ, ನೀರಿನಿಂದ ಎಂದು 1849ರಲ್ಲೇ ಬರೆದ. 1854ರಲ್ಲಿ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತ ಜನ ಸಾಯತೊಡಗಿದಾಗ ಮನೆಮನೆಗೆ ಹೋಗಿ, ಯಾರು ಸತ್ತರು, ಅವರು ಎಲ್ಲಿಯ ನೀರು ಕುಡಿದರು ಎಂದು ಪಟ್ಟಿ ಮಾಡಿದ. ಎಲ್ಲ ದಾರಿಯೂ ಒಂದೇ ಕೈಪಂಪಿನ ಕಡೆ ತೋರಿಸಿತು. ಪಂಪಿನ ಹಿಡಿಕೆಯನ್ನು ಕಳಚಿಸಲಾಯಿತು. ಆ ಪಂಪಿನ ನೀರೂ ನೋಡಲು ಕೊಳಕಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ನೀರಿನಲ್ಲಿ ಏನಿದೆ ಎಂದು ಸ್ನೋಗೆ ತೋರಿಸಲು ಆಗಲಿಲ್ಲ. ಅದನ್ನು ತೋರಿಸಿದ್ದು ಜರ್ಮನಿಯ ರಾಬರ್ಟ್ ಕಾಕ್, ಅದೂ ನಮ್ಮ ದೇಶದ ಕೆರೆಯಲ್ಲಿ. 1883ರಲ್ಲಿ ಈಜಿಪ್ಟ್‌ನಲ್ಲಿ ಕಾಲರಾ ಬಂದಾಗ ಅಲ್ಲಿಗೆ ಹೋಗಿದ್ದ ಕಾಕ್, ಅಲ್ಲಿ ರೋಗ ಇಳಿದ ಮೇಲೆ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಬಂದ. ಕಾಲರಾದಿಂದ ಸತ್ತವರ ಕರುಳಿನಲ್ಲಿ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಒಂದು ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಾಣಿಸಿತು. 1884ರ ಆರಂಭದಲ್ಲಿ, ರೋಗ ಹಬ್ಬಿದ್ದ ಒಂದು ಬಡಾವಣೆಯ ಕೆರೆಯ ನೀರಿನಲ್ಲೂ ಅದೇ ಸಿಕ್ಕಿತು. ಜನ ಅದೇ ಕೆರೆಯಲ್ಲಿ ಮೀಯುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಅದನ್ನೇ ಕುಡಿಯುತ್ತಿದ್ದರು. ರೋಗಿಯ ಬಟ್ಟೆಯನ್ನೂ ಅಲ್ಲೇ ಒಗೆದಿದ್ದರು.

ಅಪರಾಧಿ ಸಿಕ್ಕಿಬಿದ್ದರೂ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ತನ್ನದೇ ತಜ್ಞರನ್ನು ಕಳಿಸಿ, ಕಾಕ್ ಹೇಳಿದ್ದು ಸರಿಯಲ್ಲ ಎಂದು ವರದಿ ತರಿಸಿಕೊಂಡಿತು. ಒಪ್ಪಿದರೆ ಭಾರತದಿಂದ ಸೂಯೆಜ್ ಕಾಲುವೆ ದಾಟಿ ಹೋಗುವ ಹಡಗುಗಳನ್ನು ತಡೆದು ನಿಲ್ಲಿಸುವ ಕಟ್ಟುಪಾಡು ಬಿಗಿಯಾಗುತ್ತಿತ್ತು, ವ್ಯಾಪಾರಕ್ಕೆ ಏಟು ಬೀಳುತ್ತಿತ್ತು. ನೀರು ಕೆಟ್ಟಿದೆ ಎಂದು ಗೊತ್ತಾದರೂ ಒಪ್ಪಿಕೊಳ್ಳದಿರಲು ಯಾರಿಗಾದರೂ ಒಂದು ಕಾರಣ ಇದ್ದೇ ಇರುತ್ತದೆ.

ಒಂದೇ ಹೊಳೆ, ಎರಡು ಊರು

ಜರ್ಮನಿಯಲ್ಲಿ ಎಲ್ಬೆ ಎಂಬ ಹೊಳೆಯ ದಂಡೆಯಲ್ಲಿ ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ಪಟ್ಟಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡೂ ಊರಿನವರು ಕುಡಿಯುತ್ತಿದ್ದದ್ದು ಅದೇ ಹೊಳೆಯ ನೀರು. ಹ್ಯಾಂಬರ್ಗ್ ಹೊಳೆಯ ನೀರನ್ನು ಹಾಗೆಯೇ ಪೈಪಿಗೆ ಬಿಡುತ್ತಿತ್ತು. ಆಲ್ಟೋನಾ ಇದ್ದದ್ದು ಕೆಳಗಡೆ. ಹ್ಯಾಂಬರ್ಗ್‌ನ ಹೊಲಸೆಲ್ಲ ಸೇರಿದ ನೀರು ಅದಕ್ಕೆ ಸಿಗುತ್ತಿತ್ತು. ಆದರೆ ಅದು ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ, ಸೋಸಿ ಕೊಡುತ್ತಿತ್ತು.

1892ರಲ್ಲಿ ಕಾಲರಾ ಬಂತು. ಹ್ಯಾಂಬರ್ಗ್‌ನಲ್ಲಿ ಸುಮಾರು 8,600 ಜನ ಸತ್ತರು. ಹೆಚ್ಚು ಹೊಲಸು ನೀರು ತೆಗೆಯುತ್ತಿದ್ದ ಆಲ್ಟೋನಾ ಹೆಚ್ಚುಕಡಿಮೆ ಪಾರಾಯಿತು. ಗಡಿಯ ಬೀದಿಗಳಲ್ಲಿ ಹ್ಯಾಂಬರ್ಗ್ ನೀರು ಬರುವ ಮನೆಗಳಲ್ಲಿ ರೋಗ, ಎದುರಿನ ಆಲ್ಟೋನಾ ನೀರಿನ ಮನೆಗಳಲ್ಲಿ ಇಲ್ಲ. ಗಾಳಿಯಿಂದ ರೋಗ ಬರುತ್ತದೆ ಎನ್ನುವ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿರಲಿಲ್ಲ. ಗಾಳಿ ಎರಡೂ ಕಡೆ ಒಂದೇ ತಾನೆ?

ಕೆಲಸ ಮಾಡಿದ್ದು ಮರಳು. ಮರಳಿನ ಮೇಲ್ಪದರದಲ್ಲಿ ಕೆಲವು ವಾರಗಳಲ್ಲಿ ಒಂದು ಲೋಳೆಯ ಪೊರೆ ಬೆಳೆಯುತ್ತದೆ. ಅದರಲ್ಲಿರುವ ಸೂಕ್ಷ್ಮಜೀವಿಗಳು ನೀರಿನ ಜೊತೆ ಬಂದ ಬ್ಯಾಕ್ಟೀರಿಯಾಗಳನ್ನು ಹಿಡಿದು ತಿನ್ನುತ್ತವೆ. ನೀರು ನಿಧಾನವಾಗಿ ಇಳಿದಷ್ಟೂ ಚೆನ್ನಾಗಿ ಶುದ್ಧವಾಗುತ್ತದೆ.

ಇದನ್ನು ಓದುವಾಗ ನಮ್ಮಲ್ಲಿ ಬಯಲುಸೀಮೆಯಿಂದ ಬಂದವರಿಗೆ ನೆನಪಾದದ್ದು ಒರತೆ. ಬೇಸಿಗೆಯಲ್ಲಿ ಹಳ್ಳದ ಮರಳಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಮೊದಲು ಬಂದ ಕದಡು ನೀರನ್ನು ಚೆಲ್ಲಿ, ಆಮೇಲೆ ಜಿನುಗುವ ತಿಳಿನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸುತ್ತಿದ್ದರು. ಪಕ್ಕದಲ್ಲೇ ನೀರು ಹರಿಯುತ್ತಿದ್ದರೂ ಅದನ್ನು ಬಿಟ್ಟು ಒರತೆ ತೋಡುತ್ತಿದ್ದ ನಮ್ಮ ಹೆಂಗಸರಿಗೆ ಬ್ಯಾಕ್ಟೀರಿಯಾ ಎಂಬ ಪದ ಗೊತ್ತಿರಲಿಲ್ಲ. ಮರಳು ನೀರನ್ನು ಹಸನು ಮಾಡುತ್ತದೆ ಎಂಬುದು ಗೊತ್ತಿತ್ತು. ಒರತೆ ನೀರು ಪೂರ್ತಿ ಶುದ್ಧ ಎಂದು ನಾವು ಹೇಳುತ್ತಿಲ್ಲ. ಮೇಲೆ ಹರಿಯುವ ನೀರಿಗಿಂತ ವಾಸಿ ಎನ್ನುವುದಷ್ಟೇ ಸತ್ಯ. ಈಗ ಎಷ್ಟೋ ಹಳ್ಳಗಳಲ್ಲಿ ಆ ಮರಳೇ ಇಲ್ಲ, ಲಾರಿ ಹತ್ತಿ ಹೋಗಿದೆ. ಮರಳು ಹೋದರೆ ಅಂತರ್ಜಲ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹಳ್ಳ ತನ್ನ ಸೋಸುವ ಜರಡಿಯನ್ನೂ ಕಳೆದುಕೊಳ್ಳುತ್ತದೆ ಎಂದು ಹೇಳುವವರು ಕಡಿಮೆ.

ಬಟ್ಟೆಯಲ್ಲಿ ಸೋಸುವುದಕ್ಕೂ ಹೀಗೊಂದು ಇತಿಹಾಸವಿದೆ. ಜೈನರ ಮನೆಗಳಲ್ಲಿ ನೀರನ್ನು ಬಟ್ಟೆಯಲ್ಲಿ ಗಾಳಿಸದೆ ಕುಡಿಯುವುದಿಲ್ಲ. ನಮ್ಮ ರಾಜ್ಯದ ಹಲವು ಹಳ್ಳಿಗಳನ್ನೂ ಕಾಡಿದ್ದ ನಾರು ಹುಣ್ಣನ್ನು ಓಡಿಸಿದ್ದರಲ್ಲಿ ಬಟ್ಟೆಯ ಪಾಲು ದೊಡ್ಡದು. ಅದರ ಮರಿಗಳನ್ನು ಹೊತ್ತ ಸಣ್ಣ ನೀರುಚಿಗಟ ಬಟ್ಟೆಯಲ್ಲೇ ಸಿಕ್ಕಿಬೀಳುತ್ತಿತ್ತು. 1996ರ ನಂತರ ಭಾರತದಲ್ಲಿ ನಾರು ಹುಣ್ಣು ಕಾಣಿಸಿಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ, ಹಳೆಯ ಸೀರೆಯನ್ನು ಎಂಟು ಪದರ ಬರುವಂತೆ ಮಡಚಿ ನೀರು ಸೋಸಿದವರಲ್ಲಿ ಕಾಲರಾ ಶೇ. 48ರಷ್ಟು ಕಡಿಮೆಯಾಯಿತು ಎಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು. ಕಾಲರಾ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಇಂಥ ನೀರುಚಿಗಟಗಳಿಗೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಆದರೆ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾವನ್ನು ಯಾವ ಸೀರೆಯೂ ತಡೆಯದು. ಸುಮಾರು 500 ಬ್ಯಾಕ್ಟೀರಿಯಾಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಅಷ್ಟು ಸಣ್ಣವು ಅವು.

ಕಳ್ಳನಲ್ಲ, ಕಳ್ಳನ ಹೆಜ್ಜೆ ಗುರುತು

ನೀರಿನಿಂದ ಬರುವ ರೋಗ ಒಂದೇ ಅಲ್ಲ. ಕಾಲರಾ, ಟೈಫಾಯ್ಡ್, ರಕ್ತಭೇದಿ, ಕಾಮಾಲೆ ಹೀಗೆ ಪಟ್ಟಿ ಉದ್ದವಿದೆ. ಒಂದೊಂದನ್ನೂ ನೀರಿನಲ್ಲಿ ಹುಡುಕುವುದು ಕಷ್ಟ, ದುಬಾರಿ. ವಿಜ್ಞಾನಿಗಳು ಅದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ಕಳ್ಳನನ್ನು ಹುಡುಕುವ ಬದಲು ಅವನ ಹೆಜ್ಜೆ ಗುರುತು ಹುಡುಕಿದರು.

1885ರಲ್ಲಿ ಥಿಯೋಡರ್ ಎಷರಿಕ್ ಎಂಬ ಮಕ್ಕಳ ವೈದ್ಯ, ಎಳೆಮಕ್ಕಳ ಮಲದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಗುರುತಿಸಿದ. ಅವನ ಹೆಸರನ್ನೇ ಹೊತ್ತ ಅದನ್ನು ಈಗ ಇ. ಕೋಲಿ ಎನ್ನುತ್ತಾರೆ. ಮನುಷ್ಯರ, ದನಕರುಗಳ, ಹಕ್ಕಿಗಳ ಕರುಳಿನಲ್ಲಿ ಅದು ಸದಾ ಇರುತ್ತದೆ. ಹೆಚ್ಚಿನ ಬಗೆಯವು ನಮಗೆ ಕೇಡು ಮಾಡುವುದಿಲ್ಲ. ಆದರೆ ಅದು ನೀರಿನಲ್ಲಿ ಸಿಕ್ಕಿತು ಎಂದರೆ ಆ ನೀರಿಗೆ ಇತ್ತೀಚೆಗೆ ಮಲ ಸೇರಿದೆ ಎಂದರ್ಥ. ಮಲ ಸೇರಿದ ಮೇಲೆ ಟೈಫಾಯ್ಡ್ ಇವತ್ತು ಇಲ್ಲದಿದ್ದರೂ ನಾಳೆ ಬರಬಹುದು.

20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಮ್ಯಾಕ್‌ಕಾಂಕಿ ಈ ಹುಡುಕಾಟವನ್ನು ಸುಲಭ ಮಾಡಿದ. ಬ್ಯಾಕ್ಟೀರಿಯಾ ಬೆಳೆಸುವ ಆಹಾರಕ್ಕೆ ಪಿತ್ತದ ಲವಣ ಬೆರೆಸಿದ. ಕರುಳಿನಲ್ಲಿ ಬದುಕುವವುಗಳಿಗೆ ಪಿತ್ತ ಅಭ್ಯಾಸ, ಉಳಿದವು ಅದರಲ್ಲಿ ಬೆಳೆಯಲಾರವು. ಜೊತೆಗೆ ಹಾಲಿನ ಸಕ್ಕರೆ ಮತ್ತು ಒಂದು ಬಣ್ಣ ಸೇರಿಸಿದ. ಇ. ಕೋಲಿಯ ಗುಂಪು ಆ ಸಕ್ಕರೆಯನ್ನು ಹುಳಿ ಮಾಡಿದಾಗ ಅವು ಬೆಳೆದ ಚುಕ್ಕೆಗಳು ಗುಲಾಬಿಗೆ ತಿರುಗುತ್ತವೆ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಈ ಮಾಧ್ಯಮ ಬಳಕೆಯಲ್ಲಿದೆ.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಮೊದಲು ಬಂದದ್ದು 1983ರಲ್ಲಿ. ಅದರ ಈಗಿನ ನಿಯಮ ಸರಳ. 100 ಮಿಲಿಲೀಟರ್ ನೀರಿನಲ್ಲಿ ಒಂದೇ ಒಂದು ಇ. ಕೋಲಿಯೂ ಸಿಗಬಾರದು. ಫ್ಲೋರೈಡ್‌ಗೆ, ಗಡಸುತನಕ್ಕೆ ಇಷ್ಟರವರೆಗೆ ಇರಬಹುದು ಎಂಬ ಮಿತಿ ಇದೆ. ಮಲಕ್ಕೆ ಮಿತಿಯೇ ಇಲ್ಲ, ಸೊನ್ನೆ.

ಅಜ್ಜಿಯ ಮಾತಿನಲ್ಲಿರುವ ಸತ್ಯ

ಹರಿಯುವ ನೀರಿಗೆ ದೋಷವಿಲ್ಲ ಎಂಬ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆಗ್ರಾದಲ್ಲಿದ್ದ ಬ್ರಿಟಿಷ್ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್, ಗಂಗೆ ಮತ್ತು ಯಮುನೆಯ ನೀರಿನಲ್ಲಿ ಹಾಕಿದ ಕಾಲರಾ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ ಎಂದು 1896ರಲ್ಲಿ ಬರೆದ. ಅದೇ ನೀರನ್ನು ಕುದಿಸಿದರೆ ಆ ಶಕ್ತಿ ಹೋಗುತ್ತಿತ್ತು. ಬ್ಯಾಕ್ಟೀರಿಯಾಗಳನ್ನೇ ತಿಂದು ಮುಗಿಸುವ ವೈರಸ್‌ಗಳಿವೆ ಎಂಬುದು ಸ್ಪಷ್ಟವಾದದ್ದು ಆಮೇಲೆ, 1917ರ ಹೊತ್ತಿಗೆ. ಹ್ಯಾಂಕಿನ್ ನೋಡಿದ್ದು ಅವುಗಳ ಕೆಲಸವನ್ನೇ ಇರಬೇಕು ಎಂದು ಈಗ ಬಹಳ ಮಂದಿ ನಂಬುತ್ತಾರೆ.

ಬಿಸಿಲು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಹೊಸ ನೀರು ಬಂದು ಸೇರಿದರೆ ಹೊಲಸು ತೆಳುವಾಗುತ್ತದೆ. ಸೂಕ್ಷ್ಮಜೀವಿಗಳು ಒಂದನ್ನೊಂದು ತಿನ್ನುತ್ತವೆ. ಮನುಷ್ಯರಿಲ್ಲದ ಕಾಡಿನಿಂದ ಇಳಿದು ಬರುವ ತೊರೆ ತನ್ನನ್ನು ತಾನು ಬಹುಮಟ್ಟಿಗೆ ತೊಳೆದುಕೊಳ್ಳುತ್ತದೆ. ಅಜ್ಜಿಯ ಅಜ್ಜಿ ಹೇಳಿದ್ದು ಆ ತೊರೆಯ ಬಗ್ಗೆ.

ಆದರೆ ಇದೇ ಹ್ಯಾಂಕಿನ್ ಕಾಲರಾ ಬಂದ ಊರುಗಳ ಬಾವಿಗಳಿಗೆ ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಿಸುವ ಕೆಲಸಕ್ಕೆ ಬೆನ್ನು ಹತ್ತಿದ. ನೀರು ತನ್ನಷ್ಟಕ್ಕೆ ಶುದ್ಧವಾಗುತ್ತದೆ ಎಂದು ಅವನು ಕೈಕಟ್ಟಿ ಕೂರಲಿಲ್ಲ. ತೊಳೆದುಕೊಳ್ಳಲು ಹಳ್ಳಕ್ಕೆ ಹೊತ್ತು ಬೇಕು, ದೂರ ಬೇಕು, ಬಿಸಿಲು ಬೇಕು. ದಂಡೆಯ ಮೇಲೆ ಮನೆಗಳು, ಕೊಟ್ಟಿಗೆಗಳು, ಕೋಳಿ ಫಾರಂಗಳು ಒತ್ತೊತ್ತಾಗಿ ಬಂದರೆ ಮೇಲಿನ ಹೊಲಸು ಕರಗುವ ಮೊದಲೇ ಕೆಳಗಿನದು ಬಂದು ಸೇರುತ್ತದೆ.

ಮಳೆಗಾಲದಲ್ಲಿ ಅಪಾಯ ಹೆಚ್ಚು. ಬೇಸಿಗೆಯುದ್ದಕ್ಕೂ ನೆಲದ ಮೇಲೆ ಬಿದ್ದ ಸಗಣಿ, ಮಲ, ಗೊಬ್ಬರದ ಗುಂಡಿಯ ನೀರು ಎಲ್ಲವನ್ನೂ ಮೊದಲ ಮಳೆಗಳು ಗುಡಿಸಿ ಹಳ್ಳಕ್ಕೆ ತರುತ್ತವೆ. ತಳದ ಕೆಸರಿನಲ್ಲಿ ಅಡಗಿದ್ದ ಬ್ಯಾಕ್ಟೀರಿಯಾಗಳೂ ಮೇಲೇಳುತ್ತವೆ. ಕದಡಿದ ನೀರಿನಲ್ಲಿ ಬಿಸಿಲು ಒಳಗೆ ಇಳಿಯುವುದಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿದರೂ ಮಣ್ಣಿನ ಕಣಗಳ ಮರೆಯಲ್ಲಿ ಅವು ಬಚಾವಾಗುತ್ತವೆ. ಮಳೆ ಬಂದು ನೀರು ಹೆಚ್ಚಾಯಿತು, ಹೊಲಸು ಕೊಚ್ಚಿಹೋಯಿತು ಎಂದು ನಾವು ಖುಷಿಪಡುವ ಹೊತ್ತಿಗೇ ನೀರು ಅತಿ ಕೆಟ್ಟದ್ದಾಗಿರುತ್ತದೆ.

ಮೈಲಿಗೆ ಬೇರೆ, ಮಲಿನ ಬೇರೆ

ನಮ್ಮ ದೇಶದಲ್ಲಿ ನೀರು ಕೆಡುವುದರ ಇತಿಹಾಸವನ್ನು ಜಾತಿಯ ಮಾತೆತ್ತದೆ ಬರೆಯಲು ಬರುವುದಿಲ್ಲ. ಬ್ಯಾಕ್ಟೀರಿಯಾ ಗೊತ್ತಾಗುವ ಎಷ್ಟೋ ಮೊದಲೇ ನಮ್ಮ ಊರುಗಳಲ್ಲಿ ನೀರು ಕೆಡುವ ಬಗ್ಗೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಆದರೆ ಅವು ನೀರಿಗೆ ಏನು ಬಿತ್ತು ಎಂದು ನೋಡುತ್ತಿರಲಿಲ್ಲ, ಯಾರು ಮುಟ್ಟಿದರು ಎಂದು ನೋಡುತ್ತಿದ್ದವು.

1923ರಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆ ಅವರ ನಿರ್ಣಯವೊಂದು ಅಂಗೀಕಾರವಾಯಿತು. ಸಾರ್ವಜನಿಕ ಕೆರೆ, ಬಾವಿಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು ಎಂದು ಅದು ಹೇಳಿತು. ಆಗ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆಯೂ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು. ಕಾಗದದ ಮೇಲೆ ಬಂದದ್ದು ಊರಿಗೆ ಬರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಕೊಂಕಣದ ಮಹಾಡ್‌ನಲ್ಲಿ ಚವದಾರ್ ಕೆರೆಗೆ ನಡೆದುಹೋಗಿ ನೀರು ಕುಡಿದರು. ಅವರ ಜನರ ಮೇಲೆ ಹಲ್ಲೆ ನಡೆಯಿತು. ಆಮೇಲೆ ಮೇಲ್ಜಾತಿಯವರು ಕೆರೆಯನ್ನು ಶುದ್ಧಿ ಮಾಡಿದರು. 108 ಮಡಕೆ ನೀರು ತೆಗೆದು, ಅದಕ್ಕೆ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಮತ್ತೆ ಕೆರೆಗೆ ಸುರಿದರು.

ಕಾಕ್ ಕಲ್ಕತ್ತೆಯ ಕೆರೆಯಲ್ಲಿ ಬ್ಯಾಕ್ಟೀರಿಯಾ ತೋರಿಸಿ ಆಗ 43 ವರ್ಷ ಕಳೆದಿತ್ತು. ಬಾಯಾರಿದ ಮನುಷ್ಯನ ಬೊಗಸೆಯಿಂದ ಕೆರೆ ಕೆಡುವುದಿಲ್ಲ, ಸಗಣಿಯಿಂದ ಕೆಡುತ್ತದೆ ಎಂದು ಹೇಳಲು ಬೇಕಾದ ವಿಜ್ಞಾನ ಅಷ್ಟು ಹೊತ್ತಿಗೆ ಇತ್ತು. ಯಾರೂ ಅದನ್ನು ಕೇಳಲಿಲ್ಲ. ಕೋರ್ಟಿನಲ್ಲಿ ಅಂಬೇಡ್ಕರ್ ಅವರ ಪರ ಕೊನೆಯ ತೀರ್ಪು ಬಂದದ್ದು 1937ರಲ್ಲಿ.

ಹಳ್ಳದ ದಂಡೆಯಲ್ಲೂ ಇದೇ ಲೆಕ್ಕ ನಡೆಯಿತು. ಮೇಲಿನ ಕಡವು ಮೇಲ್ಜಾತಿಯವರಿಗೆ, ಕೆಳಗಿನದು ದಲಿತರಿಗೆ. ಮೇಲೆ ಮಿಂದದ್ದು, ಒಗೆದದ್ದು, ದನ ತೊಳೆದದ್ದು ಎಲ್ಲ ಹರಿದು ಕೆಳಗಿನವರ ಕೊಡಕ್ಕೆ ಬಂತು. ಮುಟ್ಟಿದರೆ ನೀರು ಕೆಡುತ್ತದೆ ಎಂದವರ ಹೊಲಸನ್ನು ಮುಟ್ಟಬಾರದವರು ಕುಡಿದರು. ಈಗ ಕಡವುಗಳು ಅಷ್ಟಾಗಿ ಉಳಿದಿಲ್ಲ. ಆದರೆ ಕಾಲೊನಿ ಊರಿನ ತಗ್ಗಿನಲ್ಲೇ ಇರುವುದು, ಊರಿನ ಚರಂಡಿ ಅದರ ಪಕ್ಕದಲ್ಲೇ ಹಳ್ಳ ಸೇರುವುದು ಎಷ್ಟೋ ಕಡೆ ಹಾಗೆಯೇ ಉಳಿದಿದೆ. ನಿಮ್ಮ ಊರಿನಲ್ಲಿ ಹೇಗಿದೆ ಎಂದು ಒಮ್ಮೆ ನಡೆದು ನೋಡಿ.

ಹಳ್ಳ ಬಿಟ್ಟೆವು, ಹಳ್ಳ ಚರಂಡಿಯಾಯಿತು

ಸ್ವಾತಂತ್ರ್ಯದ ನಂತರ 1954ರಲ್ಲಿ ರಾಷ್ಟ್ರೀಯ ನೀರು ಸರಬರಾಜು ಮತ್ತು ನೈರ್ಮಲ್ಯ ಕಾರ್ಯಕ್ರಮ ಶುರುವಾಯಿತು. 1960ರ ದಶಕದ ಬರಗಾಲಗಳ ಬಳಿಕ ಬಂಡೆ ಕೊರೆಯುವ ಯಂತ್ರಗಳು ಬಂದವು. 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್ 2 ಕೈಪಂಪು ಊರೂರಿಗೆ ಬಂತು. ನಾವು ಚಿಕ್ಕವರಿದ್ದಾಗ ಜೋತುಬಿದ್ದು ಒತ್ತಿದ ಬೋರಿಂಗ್ ಅದೇ. ಆಳದ ಬಂಡೆಯ ನೀರಿಗೆ ಮಲ ಸೇರುವ ಸಾಧ್ಯತೆ ಕಡಿಮೆ. ಆದ್ದರಿಂದ ಬೋರ್‌ವೆಲ್ ಎಷ್ಟೋ ಮಕ್ಕಳ ಜೀವ ಉಳಿಸಿತು ಎನ್ನಬೇಕು. ಆಳಕ್ಕೆ ಹೋದಂತೆ ಪಾವಗಡದಂಥ ಕಡೆ ಫ್ಲೋರೈಡ್ ಬಂದದ್ದು ಇನ್ನೊಂದು ಕತೆ.

ಆದರೆ ಕುಡಿಯಲು ಬೋರ್ ನೀರು ಸಿಕ್ಕ ದಿನವೇ ಹಳ್ಳದ ಮೇಲಿನ ಕಾಳಜಿಯೂ ಮುಗಿಯಿತು. ಕುಡಿಯುವ ನೀರು ಎಂಬ ಭಯವಿದ್ದಾಗ ದಂಡೆಗೆ ಕಸ ಹಾಕಲು ಹಿಂಜರಿಯುತ್ತಿದ್ದ ಊರು ಈಗ ಕೋಳಿ ಅಂಗಡಿಯ ಚೀಲವನ್ನು ಅಲ್ಲೇ ಎಸೆಯುತ್ತದೆ. ಶೌಚಾಲಯಗಳು ಬಂದವು, ಒಳ್ಳೆಯದಾಯಿತು. ಆದರೆ ಜಾಗವಿಲ್ಲವೆಂದು ಗುಂಡಿಯನ್ನು ಹಳ್ಳದ ಅಂಚಿಗೇ ತೋಡಿದವರಿದ್ದಾರೆ. ನೀರಿನ ಮೂಲದಿಂದ ಗುಂಡಿ ಕನಿಷ್ಠ 10 ಮೀಟರ್ ದೂರ ಇರಬೇಕು ಎಂಬುದು ಸಾಮಾನ್ಯ ಲೆಕ್ಕ. ಜಂಬಿಟ್ಟಿಗೆ ನೆಲದಲ್ಲಿ, ಬಿರುಕು ಬಂಡೆಯಲ್ಲಿ ಅಷ್ಟೂ ಸಾಲದು.

1974ರಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂತು. ಹೊಳೆಗಳ ನೀರನ್ನು ಎ, ಬಿ, ಸಿ ಎಂದು ದರ್ಜೆ ಮಾಡಲಾಯಿತು. ಅದರಲ್ಲಿ ಅತ್ಯುತ್ತಮವಾದ ಎ ದರ್ಜೆಯ ಅರ್ಥವನ್ನು ನೋಡಿ: ದೊಡ್ಡ ಶುದ್ಧೀಕರಣ ಬೇಡ, ಆದರೆ ರೋಗಾಣು ಕೊಂದ ಮೇಲೆಯೇ ಕುಡಿಯಬಹುದು. ಹಾಗೆಯೇ ಬೊಗಸೆಯಲ್ಲಿ ಕುಡಿಯಬಹುದು ಎಂಬ ದರ್ಜೆಯೇ ಆ ಪಟ್ಟಿಯಲ್ಲಿಲ್ಲ.

ಪೈಪು ಬಂದರೆ ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, ಎರಡೂ ಕಡೆ ನಲ್ಲಿ ನೀರು ಕುಡಿದ ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದು, ಜೀವಗಳು ಹೋದದ್ದು ನಮಗೆಲ್ಲ ನೆನಪಿದೆ.

ಗ್ವಾಲಿಯರ್‌ನ ಕಾಗದದ ಚೂರು

ಇನ್ನು ನಮ್ಮ ಬಾಟಲಿಯ ಕತೆ. ಮ್ಯಾಕ್‌ಕಾಂಕಿಯ ವಿಧಾನಕ್ಕೆ ಪ್ರಯೋಗಾಲಯ ಬೇಕು, ಕರೆಂಟು ಬೇಕು, ಓದಿದ ಸಿಬ್ಬಂದಿ ಬೇಕು. ಹಳ್ಳಿಯಿಂದ ನೀರು ಜಿಲ್ಲಾ ಕೇಂದ್ರಕ್ಕೆ ಹೋಗುವಷ್ಟರಲ್ಲಿ ಅದರಲ್ಲಿನ ಬ್ಯಾಕ್ಟೀರಿಯಾದ ಲೆಕ್ಕವೇ ಬದಲಾಗಿರುತ್ತದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆ. ಎಸ್. ಮಂಜ, ಎಂ. ಎಸ್. ಮೌರ್ಯ ಮತ್ತು ಕೆ. ಎಂ. ರಾವ್ ಇದಕ್ಕೊಂದು ಸುಲಭ ದಾರಿ ಹುಡುಕಿ, 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮಲ ಸೇರಿದ ನೀರಿನಲ್ಲಿ ಇ. ಕೋಲಿಯ ಗುಂಪಿನ ಜೊತೆಗೆ, ಗಂಧಕದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುವ ಬ್ಯಾಕ್ಟೀರಿಯಾಗಳೂ ಇರುತ್ತವೆ. ಕೊಳೆತ ಮೊಟ್ಟೆಯ ನಾತ ಬರುವುದು ಈ ಅನಿಲದಿಂದಲೇ. ಅವರು ಒಂದು ಕಾಗದದ ಚೂರಿಗೆ ಬ್ಯಾಕ್ಟೀರಿಯಾದ ಆಹಾರ, ಗಂಧಕವಿರುವ ಒಂದು ಲವಣ, ಕಬ್ಬಿಣವಿರುವ ಇನ್ನೊಂದು ಲವಣ ಹೀರಿಸಿ, ಒಣಗಿಸಿ ಬಾಟಲಿಯಲ್ಲಿಟ್ಟರು. ನೀರು ತುಂಬಿಸಿ ಬೆಚ್ಚಗಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಅನಿಲ ಬಿಡುತ್ತದೆ, ಅನಿಲ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಸೂಕ್ಷ್ಮದರ್ಶಕ ಬೇಡ, ಅಕ್ಷರ ಬರಬೇಕೆಂದಿಲ್ಲ, ಕಣ್ಣಿದ್ದರೆ ಸಾಕು.

ಈ ಪರೀಕ್ಷೆಗೂ ಮಿತಿಗಳಿವೆ. ಮಣ್ಣಿನಲ್ಲಿ ಸಹಜವಾಗಿರುವ ಕೆಲವು ಬ್ಯಾಕ್ಟೀರಿಯಾಗಳಿಂದಲೂ ಬಾಟಲಿ ಕಪ್ಪಾಗಬಹುದು. ಎಷ್ಟು ಕೆಟ್ಟಿದೆ ಎಂಬ ಲೆಕ್ಕ ಅದು ಹೇಳುವುದಿಲ್ಲ. ವೈರಸ್ ಬಗ್ಗೆ, ಕೀಟನಾಶಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಪ್ಪಾದರೆ ಪ್ರಯೋಗಾಲಯಕ್ಕೆ ಕಳಿಸಿ ಖಚಿತಪಡಿಸಿಕೊಳ್ಳಬೇಕು. ಆದರೂ ಕಾಕ್ ಕಲ್ಕತ್ತೆಯಲ್ಲಿ ನೋಡಿದ ಸತ್ಯದ ಒಂದು ಚೂರನ್ನು ನೂರು ವರ್ಷಗಳ ಬಳಿಕ ಹಳ್ಳಿಯ ಅಡುಗೆಮನೆಗೆ ತಂದಿಟ್ಟದ್ದು ಈ ಕಾಗದ.

2019ರಲ್ಲಿ ಶುರುವಾದ ಜಲಜೀವನ ಮಿಷನ್‌ನಲ್ಲಿ, ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ ಎಂದು ಕರೆಯುವ ಯೋಜನೆಯಲ್ಲಿ, ಪ್ರತಿ ಹಳ್ಳಿಯ ಐದು ಹೆಂಗಸರಿಗೆ ಇಂಥ ಪರೀಕ್ಷೆ ಕಲಿಸಬೇಕು ಎಂದಿದೆ. ವರ್ಷಕ್ಕೆ ಎರಡು ಸಲ ಬ್ಯಾಕ್ಟೀರಿಯಾ ಪರೀಕ್ಷೆ ಆಗಬೇಕು. ನಿಮ್ಮ ಊರಿನ ಆ ಐವರು ಯಾರು, ಕಳೆದ ಸಲದ ಫಲಿತಾಂಶ ಏನು ಎಂದು ಗ್ರಾಮಸಭೆಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಬಾಟಲಿ ಕಪ್ಪಾದ ಮೇಲೆ

ನಾವು ಆ ಊರಿನಲ್ಲಿ ಇನ್ನೂ ಎರಡು ದಿನ ಇದ್ದೆವು. ಜಾನ್ ಸ್ನೋನ ದಾರಿ ಹಿಡಿದು, ಈ ಸಲ ಮೂರು ಬಾಟಲಿ ತೆಗೆದುಕೊಂಡು ಹಳ್ಳದ ಉದ್ದಕ್ಕೂ ನಡೆದೆವು. ಒಂದನ್ನು ಎಲ್ಲ ಮನೆಗಳಿಗಿಂತ ಮೇಲೆ, ಕಾಡಿನ ಅಂಚಿನಲ್ಲಿ ತುಂಬಿದೆವು. ಇನ್ನೊಂದನ್ನು ಒಂದು ಕೊಟ್ಟಿಗೆಯ ಗೊಬ್ಬರದ ಗುಂಡಿ ದಾಟಿದ ಮೇಲೆ, ಮೂರನೆಯದನ್ನು ಪೈಪಿನ ಬಾಯಿಯಲ್ಲಿ. ಮೊದಲನೆಯದು ಎರಡನೇ ದಿನದವರೆಗೂ ತಿಳಿಯಾಗಿಯೇ ಇತ್ತು. ಉಳಿದೆರಡು ಕಪ್ಪಾದವು. ಹಳ್ಳ ಹುಟ್ಟುವಾಗ ಕೆಟ್ಟಿರಲಿಲ್ಲ, ನಡುವೆ ಕೆಟ್ಟಿತ್ತು. ಹಾಗಾದರೆ ನಡುವಿನದನ್ನು ಸರಿ ಮಾಡಬಹುದು. ಗೊಬ್ಬರದ ಗುಂಡಿಗೆ ಒಡ್ಡು ಹಾಕಬಹುದು, ಪೈಪಿನ ಬಾಯಿಯನ್ನು ಮೇಲಕ್ಕೆ ಒಯ್ಯಬಹುದು, ಟ್ಯಾಂಕಿಗೆ ಮರಳಿನ ಸೋಸು ಕಟ್ಟಬಹುದು.

ಅಷ್ಟರವರೆಗೆ ಮಾಡಬೇಕಾದದ್ದು ಇಷ್ಟು. ಕುಡಿಯುವ ನೀರನ್ನು ತಿಳಿಯಾಗಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ. ಬರೀ ಬಿಸಿ ಮಾಡಿದರೆ ಸಾಲದು. ಟ್ಯಾಂಕಿಗೆ ಕ್ಲೋರಿನ್ ಹಾಕಿದರೆ ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು, ನಲ್ಲಿಯ ತುದಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಪ್ಪಾದ ಬಾಟಲಿಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತದೆ. ಅದನ್ನು ಮಕ್ಕಳ ಕೈಗೆ ಸಿಗದಂತಿಟ್ಟು, ಬ್ಲೀಚಿಂಗ್ ಪೌಡರ್ ಹಾಕಿಯೇ ಚೆಲ್ಲಿ.

ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಬೊಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೋಬಿಸ್, ಕಾಲರಾ ರೋಗಿಗಳಿಗೆ ಉಪ್ಪು ಸಕ್ಕರೆಯ ದ್ರಾವಣ ಕುಡಿಸಿ ಶೇ. 30ರ ಆಸುಪಾಸಿನಲ್ಲಿದ್ದ ಸಾವನ್ನು ಶೇ. 4ಕ್ಕಿಂತ ಕೆಳಗಿಳಿಸಿದರು. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆಮಟ್ಟ ಇರಲಿ, ರಾಶಿ ಬೇಡ. ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ನಾವು ಹೊರಡುವ ದಿನ ಅಜ್ಜಿ ಮೂರೂ ಬಾಟಲಿಗಳನ್ನು ಸಾಲಾಗಿ ಇಡಿಸಿಕೊಂಡು ನೋಡಿದರು. ಮೇಲಿನ ಬಾಟಲಿ ತಿಳಿಯಾಗಿರುವುದು ಅವರಿಗೆ ಸಮಾಧಾನ ತಂದಂತಿತ್ತು. "ನೋಡಿ, ಹಳ್ಳದ ತಪ್ಪಲ್ಲ ಅಂದೆ ನಾನು," ಅಂದರು. ಆಮೇಲೆ ಸೊಸೆಗೆ, "ಮಗೂಗೆ ಇವತ್ತಿಂದ ಕುದಿಸಿದ್ದೇ ಕೊಡು. ನಂಗೆ ಬೇಡ, ರುಚಿ ಹೋಗ್ತದೆ."

ಅವರಿಗೂ ಕುದಿಸಿದ ನೀರು ಕುಡಿಸುವುದು ಹೇಗೆ ಎಂದು ನಮಗಿನ್ನೂ ಹೊಳೆದಿಲ್ಲ. ಗೊಬ್ಬರದ ಗುಂಡಿಯ ಯಜಮಾನರು ಮಾತ್ರ ಮಳೆ ನಿಂತ ಮೇಲೆ ಒಡ್ಡು ಹಾಕುತ್ತೇನೆ ಎಂದಿದ್ದಾರೆ. ಮುಂದಿನ ಮಳೆಗಾಲಕ್ಕೆ ಮತ್ತೆ ಮೂರು ಬಾಟಲಿ ಹಿಡಿದು ಅಲ್ಲಿಗೆ ಹೋಗುತ್ತೇವೆ.